ಎರಡನೇ ದಿನದ ಮೀಸೆ

ನಮ್ಮ ಕಡೆಯವರು ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿರುವ ಒಂದು ಕಾಮಿಡಿ ಸಿನಿಮಾ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅದರ ಭಕ್ತರು ಮನೆ ಹುಡುಕಿಕೊಂಡು ಬಂದು ಡೈಲಾಗು ಒಪ್ಪಿಸುತ್ತಾರೆ. ಬಿಡುಗಡೆಯಾದಾಗ ಅದು ನಂಜನಗೂಡಿನ ಟಾಕೀಸಿನಲ್ಲಿ ಒಂದು ವಾರ ಓಡಿದ್ದೇ ಹೆಚ್ಚು. ಆಗ ಅರ್ಧಕ್ಕೇ ಎದ್ದು ಹೋದವರೇ ಈಗ ಎದೆ ಮುಟ್ಟಿಕೊಂಡು 'ಅಂಥ ಪಿಚ್ಚರು ಇನ್ನು ಬರಲ್ಲ ಗುರು' ಅನ್ನುತ್ತಾರೆ. ಟಿವಿಯವರು ಬೇರೆ ಏನೂ ಇಲ್ಲದ ಭಾನುವಾರಗಳಲ್ಲೆಲ್ಲ ಅದನ್ನೇ ಹಾಕಿದರು, ಹುಡುಗರು ತುಂಡು ತುಂಡು ಮಾಡಿ ಮೊಬೈಲಿನಲ್ಲಿ ಹಂಚಿದರು, ಸಿನಿಮಾ ದೇವರಾಯಿತು.

ಕಥೆ ಇಷ್ಟೇ: ಒಬ್ಬ ಒಂದೇ ಎಮ್ಮೆಯನ್ನು ಇಬ್ಬರಿಗೆ ಮಾರುತ್ತಾನೆ. ಆದರೆ ಪರದೆಯ ಮೇಲೆ ಇರುವುದು ಮೂರು ಎಮ್ಮೆ. ಮೊದಲ ದೃಶ್ಯದಲ್ಲಿ ಅದರ ಕೊಂಬು ಒಳಕ್ಕೆ ಬಾಗಿದೆ, ಮಾರುವಾಗ ಹೊರಕ್ಕೆ ಚಾಚಿದೆ, ಪಂಚಾಯ್ತಿಗೆ ಬರುವಷ್ಟರಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆ ಬಂದಿದೆ. ನಾಯಕ ನಂಜನಗೂಡಿನ ಸ್ನಾನಘಟ್ಟದಲ್ಲಿ ಮುಳುಗಿ ತಿ. ನರಸೀಪುರದ ಸಂಗಮದಲ್ಲಿ ಏಳುತ್ತಾನೆ. ಅಂಗಿಯ ಇಸ್ತ್ರಿ ಮಾತ್ರ ಹಾಗೇ ಇರುತ್ತದೆ.

ನಾನು ಕೆಲಸ ಮಾಡುವುದು ನರಸೀಪುರದ ಒಂದು ಕಚೇರಿಯಲ್ಲಿ. ಸಂಜೆ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆಯಾಗದ ಈ ಕಂಟಿನ್ಯುಟಿ ತಪ್ಪುಗಳನ್ನು ಎತ್ತಿ ಆಡುವುದು ನನಗೆ ಚಟವಾಗಿತ್ತು. ಅಂಗಡಿಯವನು ಆ ಸಿನಿಮಾದ ವಕೀಲ.

"ಕಪಿಲೆ ಅಲ್ಲಿಂದ ಅರ್ಕಂಡು ಎಲ್ಲಿಗ್ ಬತ್ತದೆ ಸಾ? ಇಲ್ಲಿಗೇ ತಾನೆ? ನೀರು ಬರ್ಬೌದು, ಈರೋ ಬರ್ಬಾರ್ದಾ?"

"ಇಸ್ತ್ರಿ ಎಂಗಯ್ಯ ಉಳೀತು?"

"ಅಷ್ಟು ದೂರ ಬಂದವ್ನು ಬಟ್ಟೆ ಒಣಗಿಸ್ಕಂಡಿರಾಕಿಲ್ವಾ? ನೀವು ಓದ್ದೋರ್ಗೆ ಎಲ್ದ್ರಲ್ಲೂ ಕೊಂಕು."

ಹೌದು, ನಾನು ಓದಿದವನು. ಕವಲಂದೆ ಪಕ್ಕದ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆತನದಲ್ಲಿ, ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವರೇ ಕಡಿಮೆ; ಡಿಗ್ರಿ ಮುಗಿಸಿದ ಮೊದಲಿಗ ನಾನು. ಆ ಹೆಮ್ಮೆ ನನಗೆ ಇವತ್ತೂ ಇದೆ, ಮುಚ್ಚಿಡುವುದಿಲ್ಲ. ಓದಿದ್ದನ್ನು ಎಲ್ಲಾದರೂ ಖರ್ಚು ಮಾಡಬೇಕಲ್ಲ, ಕೂತು ಆ ಸಿನಿಮಾದ ಮೂವತ್ತೊಂದು ತಪ್ಪುಗಳ ಪಟ್ಟಿ ಮಾಡಿ ಫೇಸ್‌ಬುಕ್ಕಿಗೆ ಹಾಕಿದೆ. ಊರೂರುಗಳಲ್ಲಿ ಹಂಚಿಕೆಯಾಯಿತು.

ಪಟ್ಟಿಯ ಮೊದಲ ತಪ್ಪೇ ಎಲ್ಲರಿಗೂ ಅಚ್ಚುಮೆಚ್ಚು. ಪಂಚಾಯ್ತಿ ದೃಶ್ಯದಲ್ಲಿ ನಾಯಕನ ಪಕ್ಕದಲ್ಲೇ ಒಬ್ಬ ಯಜಮಾನ ಕೂತಿದ್ದಾನೆ. ದಟ್ಟ ಕೂದಲು, ಕೆನ್ನೆ ತುಂಬ ಮೀಸೆ. ಕ್ಯಾಮೆರಾ ಎಮ್ಮೆಯ ಕಡೆ ತಿರುಗಿ ವಾಪಸು ಬರುವಷ್ಟರಲ್ಲಿ ಅವನ ತಲೆಗೆ ಟವೆಲ್ಲು, ಮೀಸೆ ಬೇರೆ ಯಾರದೋ. ಅವನು ನಕ್ಕಾಗ ಮೀಸೆಯ ಎಡಭಾಗ ಕಿತ್ತು ನೇತಾಡುತ್ತದೆ, ಟವೆಲ್ಲು ಜಾರುತ್ತದೆ, ನೋಡಿದರೆ ತಲೆ ನುಣ್ಣಗೆ ಬೋಳು. ಪಂಚಾಯ್ತಿ ಮುಗಿಯುವಾಗ ಮತ್ತೆ ಕೂದಲು, ಮತ್ತೆ ಮೀಸೆ. ಅಭಿಮಾನಿಗಳ ಬಾಯಲ್ಲಿ ಅವನು 'ಬೋಳು ತಾತ'. ನಾನು ಬರೆದದ್ದು: 'ಯಾವನೋ ಜೂನಿಯರ್ ಆರ್ಟಿಸ್ಟು. ಶಿಸ್ತು ಎಂಬುದೇ ಇಲ್ಲ.'

ಅವನು ಯಾವನೋ ಅಲ್ಲ, ನಮ್ಮಪ್ಪ.

ಚಿತ್ರೀಕರಣ ನಡೆದದ್ದು ನಮ್ಮೂರ ಅರಳಿಕಟ್ಟೆಯಲ್ಲಿ, ಎರಡು ದಿನ. ಮೊದಲ ದಿನ ನಿರ್ದೇಶಕರು ಗುಂಪಿನಲ್ಲಿದ್ದ ಅಪ್ಪನ ಮೀಸೆ ನೋಡಿ ಮುಂದಕ್ಕೆ ಕರೆದು ಕೂರಿಸಿದ್ದರು. ಪಂಚಾಯ್ತಿಯ ಶುರುವನ್ನೂ ಕೊನೆಯನ್ನೂ ಅವತ್ತೇ ತೆಗೆದಿದ್ದರು. ಅವತ್ತು ಸಂಜೆಯೇ ನಾನು ನಂಜನಗೂಡಿನ ಸೈಬರ್ ಸೆಂಟರಿನಲ್ಲಿ ಫಲಿತಾಂಶ ನೋಡಿಕೊಂಡು ಮನೆಗೆ ಬಂದೆ. ಇಂಗ್ಲಿಷ್ ಪೇಪರು ನಾಲ್ಕನೇ ಸಲಕ್ಕೆ ಪಾಸಾಗಿತ್ತು, ಡಿಗ್ರಿ ಮುಗಿದಿತ್ತು. ಮುಖಕ್ಕೆ ಮೆತ್ತಿದ ಪೌಡರನ್ನು ಇನ್ನೂ ತೊಳೆಯದ ಅಪ್ಪ ಗೋಡೆ ಕಡೆ ತಿರುಗಿ ನಿಂತ. ಮಾರನೇ ದಿನ ಮೊದಲ ಬಸ್ಸಿಗೆ ನಂಜನಗೂಡಿಗೆ ಹೋದ. ನಾನು ಮೊದಲ ಸಲ ಡುಮ್ಕಿ ಹೊಡೆದಾಗಲೇ ಮುಡಿ ಕೊಡುವ ಹರಕೆ ಹೊತ್ತಿದ್ದ. ಕಪಿಲೆ ದಡದಲ್ಲಿ ತಲೆ, ಮೀಸೆ ಎರಡೂ ಕೊಟ್ಟು, ಮುಳುಗೆದ್ದು, ಹಣ್ಣುಕಾಯಿ ಮಾಡಿಸಿಕೊಂಡು, ಹತ್ತು ಗಂಟೆಗೆ ಸರಿಯಾಗಿ ಬಂದು ನಿನ್ನೆಯ ಜಾಗದಲ್ಲೇ ಕೂತ. ಹೊತ್ತಿಗೆ ಸರಿಯಾಗಿ ಬಂದೆನಲ್ಲ ಎಂಬ ಸಮಾಧಾನ ಬೇರೆ.

ಶೂಟಿಂಗಿನ ಮ್ಯಾನೇಜರು ತಲೆ ಮೇಲೆ ಕೈ ಹೊತ್ತ. "ಯಜಮಾನ್ರೇ, ನಿನ್ನೆ ಮೀಸೆ ಇತ್ತಲ್ರೀ?"

"ನಿನ್ನೆ ಇತ್ತು ಸಾ. ಇವತ್ತು ನಂಜುಂಡಪ್ಪುನ್ ಅತ್ರ ಅದೆ."

"ಇನ್ನೊಂದು ದಿನ ತಡೆದು ಕೊಡಬಾರದಿತ್ತೇನ್ರೀ?"

"ಮಗ ಪಾಸಾದ್ಮೇಲೆ ದೇವ್ರನ್ನ ಕಾಯ್ಸಾಕಾದದಾ ಸಾ? ಪಿಚ್ಚರು ಬೇಕಾರೆ ಕಾಯ್ಲಿ."

ಯಾರದೋ ಅಂಟು ಮೀಸೆ ತಂದು ಹಚ್ಚಿದರು, ಟವೆಲ್ಲು ಸುತ್ತಿದರು. ಮೀಸೆ ಕಿತ್ತುಬಂದಾಗ ನಾಯಕ ನಟ ನಿಜವಾಗಿಯೇ ಬಿದ್ದು ಬಿದ್ದು ನಕ್ಕ. ಇಡೀ ಸಿನಿಮಾದಲ್ಲಿ ಅವನು ಸಹಜವಾಗಿ ನಟಿಸಿದ್ದು ಅದೊಂದೇ ಕಡೆ, ಹಾಗಾಗಿ ಅದನ್ನು ಉಳಿಸಿಕೊಂಡರು.

ಇದೆಲ್ಲ ಗೊತ್ತಿದ್ದೂ ನಾನು 'ಯಾವನೋ' ಅಂತ ಬರೆದೆ. ಕಚೇರಿಯಲ್ಲಿ ನಾನು 'ಸಾ'. 'ಬೋಳು ತಾತನ ಮಗ' ಅನ್ನಿಸಿಕೊಳ್ಳುವುದಕ್ಕೆ ನಾಲ್ಕು ಸಲ ಪರೀಕ್ಷೆ ಬರೆದಿದ್ದೆನೇ?

ಹೋದ ವರ್ಷ ನರಸೀಪುರದ ಒಂದು ಕಾಲೇಜಿನವರು ಆ ಸಿನಿಮಾವನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಸಂವಾದ ಇಟ್ಟುಕೊಂಡರು. ಪಟ್ಟಿ ಮಾಡಿದವನು ಅಂತ ನನ್ನನ್ನು ವೇದಿಕೆಗೆ ಕರೆದರು. ನನ್ನ ಹೆಂಡತಿ ಈ ಸುದ್ದಿಯನ್ನು ಊರಿಗೆ ಫೋನು ಮಾಡಿ ಹೇಳಿಬಿಟ್ಟಳು. ಅಪ್ಪ ಲೈನಿಗೆ ಬಂದ.

"ನಾನೂ ಬತ್ತೀನಿ ಕಣ್ಲಾ. ಆಗ ಟಾಕೀಸ್‌ಗೆ ಓಗೋ ಒತ್ಗೆ ಪಿಚ್ಚರ್ ತೆಗ್ದಾಕ್ಬುಟ್ಟಿದ್ರು. ದೊಡ್ಡ ಪರ್ದೇಲಿ ನನ್ ಮಕ ನಾನು ನೋಡೇ ಇಲ್ಲ."

"ಬಸ್ಸಲ್ಲಿ ರಶ್ಶು ಅಪ್ಪ. ಮೊಬೈಲಲ್ಲೇ ನೋಡು."

"ಮೊಬೈಲಲ್ಲಿ ನನ್ ಮಕ ಉದ್ದಿನ್ ಕಾಳಷ್ಟು ಕಾಣ್ತದೆ. ಬತ್ತೀನಿ ಬುಡು."

ಒಗೆದ ಪಂಚೆ ಉಟ್ಟುಕೊಂಡು ಬಂದೇಬಿಟ್ಟ. ಈಗ ಮೀಸೆ ಬೆಳ್ಳಗಾಗಿದೆ, ಯಾರಿಗೂ ಗುರುತು ಹತ್ತಲಿಲ್ಲ. ಹಿಂದೆ ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆ ಅಂತ ಹೇಳಿ ಕೊನೇ ಸಾಲಿನಲ್ಲಿ ಕೂರಿಸಿದೆ. ಅವನಿಗೆ ನಂಬಿಕೆ ಬಂತೋ ಇಲ್ಲವೋ, ಪಂಚೆ ಸರಿಮಾಡಿಕೊಂಡು ಕೂತ.

ಪಂಚಾಯ್ತಿ ದೃಶ್ಯ ಬಂದಾಗ ಸಭಾಂಗಣದ ಸೂರು ಹಾರಿಹೋಗುವಷ್ಟು ಶಿಳ್ಳೆ. ಸಿನಿಮಾ ಮುಗಿದ ಮೇಲೆ ಮೇಷ್ಟರೊಬ್ಬರು ಮೈಕು ಹಿಡಿದರು. ಅದು ತಪ್ಪೇ ಅಲ್ಲವಂತೆ. ನಿರ್ದೇಶಕರು ಬೇಕೆಂದೇ ಮಾಡಿದ್ದಂತೆ. ಆ ಮೀಸೆ ಉದುರುವುದೆಂದರೆ ಯಜಮಾನಿಕೆಯ ಕುಸಿತ, ಟವೆಲ್ಲು ಜಾರುವುದೆಂದರೆ ಹಳೆಯ ವ್ಯವಸ್ಥೆ ಬಯಲಾಗುವುದು. ಹಾಗಾದರೆ ಕೂದಲು ಮತ್ತೆ ಬೆಳೆಯುವುದು ಏನು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರು ಅದನ್ನೂ ವಿವರಿಸುತ್ತಿದ್ದರು, ಊಟದ ಹೊತ್ತು ಮೀರುತ್ತಿತ್ತು.

ಮುಂದಿನ ಸಾಲಿನ ವಿದ್ಯಾರ್ಥಿಯೊಬ್ಬ ಎದ್ದ. "ಅಂಗೇನಿಲ್ಲ ಸಾ. ಆ ತಾತ ಫುಲ್ ಕುಡ್ದು ಬಂದಿದ್ನಂತೆ. ನಿದ್ದೆ ಒಡೀತಾವ್ನೆ ಅಂತ ಮೇಕಪ್‌ನೋರೇ ತಲೆ ಬೋಳ್ಸಿದ್ರಂತೆ. ಯೂಟ್ಯೂಬಲ್ಲಿ ಹೇಳವ್ರೆ."

ಎಲ್ಲರೂ ಹೋ ಎಂದು ನಕ್ಕರು. ಮೇಷ್ಟರು ನನ್ನ ಕಡೆ ತಿರುಗಿದರು. "ನೀವು ಪಟ್ಟಿ ಮಾಡಿದವರು. ನೀವೇ ಹೇಳಿ."

ಅಪ್ಪ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ನನ್ನ ಬಾಯಿಂದ ಬಂದ ಮಾತು: "ಇರಬಹುದು."

ಕೊನೇ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಕುಡ್ದಿರ್ನಿಲ್ಲ ಸಾ," ಅಪ್ಪ ಎದ್ದು ನಿಂತಿದ್ದ. "ಅದು ನಾನೇಯ. ಮಗ ಡಿಗ್ರಿ ಪಾಸಾಗ್ಲಿ ಅಂತ ನಂಜುಂಡಪ್ಪುಂಗೆ ಮುಡಿ ಅರ್ಕೆ ಕಟ್ಕಂಡಿದ್ದೆ. ಪಾಸಾದ. ಕೊಟ್ಬುಟ್ಟೆ. ಅಷ್ಟೇಯ."

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಮೇಷ್ಟರು ಕೇಳಿದರು, "ಹೌದೇ ಯಜಮಾನರೇ? ಆ ಮಗ ಈಗ ಎಲ್ಲಿದ್ದಾರೆ?"

ಅಪ್ಪ ಪರದೆ ನೋಡಿದ, ಫ್ಯಾನು ನೋಡಿದ. ವೇದಿಕೆಯ ಕಡೆ ಮಾತ್ರ ನೋಡಲಿಲ್ಲ. "ಅವ್ನೆ ಸಾ, ಎಲ್ಲೋ ದೂರ್ದಲ್ಲಿ. ದೊಡ್ಡ ಕೆಲ್ಸ. ಪುರ್ಸೊತ್ತಿರಾಕಿಲ್ಲ ಅವುನ್ಗೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರ್ಯಾದೆ ಉಳಿಸಿಕೋ ಅಂತ ಬಿಟ್ಟುಕೊಟ್ಟನಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಮೇಷ್ಟರ ಕೈಯಿಂದ ಮೈಕು ತೆಗೆದುಕೊಂಡೆ. "ಆ ಮಗ ನಾನೇ. ಅವರು ನಮ್ಮಪ್ಪ. ನನ್ನ ಪಟ್ಟಿಯ ಮೊದಲನೇದು ಸುಳ್ಳು. ಈಗ ಹೇಳಿದ್ದೂ ಸುಳ್ಳು."

ಅದೇ ವಿದ್ಯಾರ್ಥಿ ಕೂತಲ್ಲಿಂದಲೇ ಕೂಗಿದ, "ಎಷ್ಟನೇ ಸಲಕ್ಕೆ ಪಾಸಾದ್ರಿ ಸಾ?"

"ನಾಲ್ಕನೇ ಸಲ."

ಈ ಸಲದ ನಗು ನನ್ನ ಮೇಲೆ. ಅದರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಕೊನೇ ಸಾಲಿನದು. ಹುಡುಗರು ಅಪ್ಪನನ್ನು ಮುಂದಕ್ಕೆ ಎಳೆದು ತಂದು ಸೆಲ್ಫಿ ತೆಗೆದುಕೊಂಡರು. ಮೇಷ್ಟರು ಮಾತ್ರ ಸೋಲಲಿಲ್ಲ. ಇಳಿಯುವಾಗ ನನ್ನ ಭುಜ ತಟ್ಟಿ, "ಹರಕೆ ಸರಿ, ಆದರೂ ಯಜಮಾನಿಕೆಯ ಕುಸಿತ ಅನ್ನುವುದನ್ನು ತಳ್ಳಿಹಾಕಲಾಗದು" ಅಂದರು.

ಮರುದಿನ ಪಟ್ಟಿ ತಿದ್ದಿ, ನಡೆದದ್ದನ್ನೆಲ್ಲ ಬರೆದು ಹಾಕಿದೆ. ಒಬ್ಬರಾದರೂ ನಂಬಬೇಕಲ್ಲ! 'ಫೇಮಸ್ ಆಗಕ್ಕೆ ಬೇರೆಯವರ ಅಪ್ಪನ್ನ ಕದೀಬೇಡ ಗುರು' ಅಂತ ಒಬ್ಬ. 'ಮೊದಲು ಶಿಸ್ತಿಲ್ಲ ಅಂದೋನು, ಈಗ ಅಪ್ಪ ಅಂತಾನೆ, ಇವನ ಕಥೆಯಲ್ಲೇ ಕಂಟಿನ್ಯುಟಿ ಇಲ್ಲ' ಅಂತ ಇನ್ನೊಬ್ಬ. ಅವನ ಮಾತಿಗೆ ಲೈಕು ಒತ್ತಿದೆ.

ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಇವನ್ನೆಲ್ಲ ಓದಿ ಹೇಳಿದೆ. ಜಗಲಿ ಮೇಲೆ ಕೂತು ಮೀಸೆ ನೀವಿಕೊಳ್ಳುತ್ತ ಕೇಳಿದ.

"ಅಲ್ಲ ಕಣ್ಲಾ, ಆ ತಪ್ಪು ನಂದೂ ಅಲ್ಲ, ಆ ಪಿಚ್ಚರ್‌ನೋರ್ದೂ ಅಲ್ಲ."

"ಮತ್ತೆ ಯಾರ್ದಪ್ಪ?"

"ನಿಂದೇಯ. ಮೊದುಲ್ನೇ ಸಲ್ಕೇ ಪಾಸಾಗಿದ್ರೆ ಆವಾಗ್ಲೇ ಬೋಳ್ಸಿ, ಶೂಟಿಂಗ್ ಬರೋ ಒತ್ಗೆ ಮೀಸೆ ಬೆಳ್ಕಂಡಿರ್ತಿತ್ತು."

ಪಟ್ಟಿಯನ್ನು ಮತ್ತೆ ತೆರೆದೆ. ಮೊದಲನೇ ತಪ್ಪಿನ ಮುಂದೆ ನನ್ನ ಹೆಸರು ಹಾಕಿದೆ.