ತವರಿಗೆ ಹೋದವಳ ಪುಟ

ತಡಸದ ಆಚೆಗಿನ ಒಂದು ಹಳ್ಳಿಯಲ್ಲಿ ಸುಶೀಲವ್ವ ಇಪ್ಪತ್ತೆರಡು ವರ್ಷಗಳಿಂದ ಅಂಗನವಾಡಿ ನಡೆಸುತ್ತಿದ್ದಾಳೆ. ಊರಿಗೆಲ್ಲ ಅವಳು ಅಕ್ಕಾರು. ಸೊಸೆಗೆ ಎಷ್ಟನೇ ತಿಂಗಳು ಎಂದು ಅತ್ತೆಯಂದಿರೇ ಬಂದು ಅವಳನ್ನು ಕೇಳಬೇಕು, ಹಾಗಿತ್ತು ಅವಳ ನೆನಪು. ಅಂಗನವಾಡಿಯ ದಾಖಲೆ ಪುಸ್ತಕಗಳಲ್ಲಿ ಒಂದು ಕಾಟು ಇಲ್ಲ, ಒಂದು ಕಲೆ ಇಲ್ಲ. ಆ ಅಚ್ಚುಕಟ್ಟಿನ ಬಗ್ಗೆ ಅವಳಿಗೆ ತುಸು ಸೊಕ್ಕೂ ಇತ್ತು. ಇತ್ತು ಎಂದೇ ಹೇಳಬೇಕು, ಈಗ ಇಲ್ಲ.

ಚೊಚ್ಚಲ ಬಸುರಿಯರ ವಿಷಯದಲ್ಲಿ ಅವಳದೊಂದು ರೂಢಿ. ಏಳನೇ ತಿಂಗಳಿಗೆ ಕುಬಸದ ಶಾಸ್ತ್ರ ಆಗುತ್ತದೆ, ಹಸಿರು ಬಳೆ ಇಡಿಸಿಕೊಂಡ ಹುಡುಗಿ ತವರಿಗೆ ಹೋಗುತ್ತಾಳೆ, ಹೆತ್ತು ಕೂಸಿನೊಂದಿಗೆ ತಿರುಗಿ ಬರುತ್ತಾಳೆ. ಅಲ್ಲಿಯವರೆಗೆ ಊಟ, ಮೊಟ್ಟೆ, ಗುಳಿಗೆ, ತೂಕ ಎಲ್ಲ ತವರೂರಿನ ಅಂಗನವಾಡಿಯ ಪಾಲು. ಸುಶೀಲವ್ವ ಆ ಹುಡುಗಿಯ ಪುಟದ ಕೊನೆಗೆ ‘ತವರಿಗೆ ಹೋದಳು’ ಎಂದು ಬರೆದು ಅಡ್ಡಗೆರೆ ಎಳೆಯುತ್ತಿದ್ದಳು. ಆಮೇಲೆ ತವರೂರಿನ ಅಂಗನವಾಡಿ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ ಹೇಳಬೇಕು. ಮೊದಮೊದಲು ಮಾಡುತ್ತಿದ್ದಳು. ಮನೆಗೆ ಬಂದ ಮಗಳನ್ನು ತಾಯಿಯಾದವಳು ನೋಡಿಕೊಳ್ಳದೆ ಬಿಡುತ್ತಾಳೆಯೇ ಎಂದು ಬರಬರುತ್ತ ಬಿಟ್ಟಳು.

ವಿದ್ಯಾಶ್ರೀಗೆ ತಾಯಿ ಇರಲಿಲ್ಲ. ಹಂಸಭಾವಿಯಿಂದ ಬಂದ ಹುಡುಗಿ, ಕರೆವ್ವನ ಮಗ ಕೊಟ್ರೇಶನ ಹೆಂಡತಿ, ಇಪ್ಪತ್ತು ತುಂಬಿತ್ತಷ್ಟೆ. ದಿನಾ ಮಧ್ಯಾಹ್ನ ಅಂಗನವಾಡಿಗೆ ಊಟಕ್ಕೆ ಬಂದು, ಮೊಟ್ಟೆಯ ಹಳದಿ ಸೇರದೆ ಪಕ್ಕಕ್ಕಿಟ್ಟು, ಸುಶೀಲವ್ವ ಕಣ್ಣು ಬಿಟ್ಟರೆ ನಗುತ್ತ ನುಂಗುತ್ತಿದ್ದಳು. ಅವಳ ಕುಬಸದಲ್ಲಿ ಸುಶೀಲವ್ವ ಹೋಳಿಗೆ ಉಂಡಳು. ಹುಡುಗಿ ಅಣ್ಣನ ಜೊತೆ ಶಿಗ್ಗಾಂವದ ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡಳು. ಬಂದು ಪುಟಕ್ಕೆ ಗೆರೆ ಎಳೆದಳು.

ಹನ್ನೆರಡನೇ ದಿನಕ್ಕೆ ಆ ಹುಡುಗಿ ತಿರುಗಿ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಅಣ್ಣ ಪ್ರೀತಿಯಿಂದಲೇ ಕರೆದೊಯ್ದಿದ್ದ. ಆದರೆ ಅವನ ಹೆಂಡತಿಯೂ ತುಂಬು ಬಸುರಿ, ಒಂದೇ ಸೂರಿನಡಿ ಎರಡು ಹೆರಿಗೆ ಆಗಬಾರದೆಂದು ಮನೆಯ ಹಿರಿಯರು ಇವಳನ್ನು ಕಳಿಸಿಬಿಟ್ಟರು. ಹೆರದೆ ತವರಿನಿಂದ ಬಂದ ಸೊಸೆಯನ್ನು ಕಂಡರೆ ಓಣಿಯ ಜನ ಆಡಿಕೊಳ್ಳದೆ ಇರುತ್ತಾರೆಯೇ? ಕರೆವ್ವ ಅವಳನ್ನು ಊರೊಳಗೆ ತರಲೇ ಇಲ್ಲ, ಒಂದೂವರೆ ಮೈಲು ಆಚೆಯ ಹೊಲದ ಮನೆಯಲ್ಲಿಟ್ಟಳು. ಅನ್ನಕ್ಕೆ ಕಡಿಮೆ ಮಾಡಲಿಲ್ಲ, ಬೈಯಲಿಲ್ಲ. ಮುಚ್ಚಿಟ್ಟಳು, ಅಷ್ಟೆ. ಎರಡು ತಿಂಗಳು ಯಾರೂ ಆ ಹುಡುಗಿಯ ಬಿಪಿ ನೋಡಲಿಲ್ಲ. ಕಾಲು ಬಾತುಕೊಂಡವು, ಮುಖ ಬಾತುಕೊಂಡಿತು, ತಲೆ ಸಿಡಿಯುತ್ತದೆ ಎಂದಳು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಕರೆವ್ವ ಬಿಸಿನೀರು ಕಾಸಿಕೊಟ್ಟಳು.

ಒಂದು ಮುಂಜಾನೆ ಕೊಟ್ರೇಶ ಅಂಗನವಾಡಿಯ ಬಾಗಿಲಿಗೆ ಓಡಿ ಬಂದ.

“ಅಕ್ಕಾರ, ವಿದ್ಯಾಶ್ರೀ ಕೈಕಾಲು ಸೆಟದು ಒದ್ದಾಡಾಕತ್ತಾಳ್ರಿ. ಕಣ್ಣು ಮ್ಯಾಲೆ ಹೋಗ್ಯಾವು.”

“ಹಂಸಭಾವಿಯಿಂದ ಫೋನ್ ಬಂತೇನೋ?”

“ಇಲ್ರಿ. ನಮ್ಮ ಹೊಲದಾಗ ಅದಾಳ್ರಿ.”

ಸುಶೀಲವ್ವನಿಗೆ ಆ ಮಾತು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದಳು, ಹೊಲದ ತನಕ ಓಡಿದಳು. ಗಾಡಿ ಎರೆಮಣ್ಣಿನ ದಾರಿಗೆ ಇಳಿಯಲಾರದೆ ರಸ್ತೆಯಲ್ಲೇ ನಿಂತಿತು. ಹುಡುಗಿಯನ್ನು ಕಂಬಳಿಯಲ್ಲಿ ಹೊತ್ತು ತಂದರು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆಣ್ಣುಕೂಸನ್ನು ಉಳಿಸಿದರು. ತಾಯಿ ಉಳಿಯಲಿಲ್ಲ.

ವಿಚಾರಣೆಗೆ ಬಂದ ಮೇಲ್ವಿಚಾರಕಿ ವಾಣಿಶ್ರೀ ಪುಸ್ತಕ ತಿರುವಿ ನೋಡಿದಳು. “ನಿಮ್ಮ ಕಾಗದ ಎಲ್ಲಾ ಬರೋಬ್ಬರಿ ಅದಾವ್ರಿ. ತವರಿಗೆ ಹೋಗ್ಯಾಳಂತ ಬರದೀರಿ. ನಿಮ್ದೇನೂ ತಪ್ಪಿಲ್ಲ,” ಎಂದಳು. ಪಕ್ಕದಲ್ಲಿ ನಿಂತಿದ್ದ ಕರೆವ್ವನೂ ತಲೆಯಾಡಿಸಿದಳು. “ಹೌದ್ರಿ, ನಾನ ಮುಚ್ಚಿಟ್ಟಿದ್ದೆ. ಅಕ್ಕಾರಿಗೇನ ಗೊತ್ತು?” ಸುಶೀಲವ್ವ ತುಟಿ ಎರಡು ಮಾಡಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ ಉಳಿಯಿತು. ಅಂಥ ನಾಚಿಕೆಗೆಟ್ಟ ಸಮಾಧಾನ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

ಮತ್ತೆ ಹತ್ತು ದಿನ ಬಿಟ್ಟು ಕರೆವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ತೂಕಕ್ಕೆ ತಂದಳು. ಮಕ್ಕಳೆಲ್ಲ ಮನೆಗೆ ಹೋಗಿದ್ದರು, ಕೋಣೆಯಲ್ಲಿ ಇಬ್ಬರೇ. ಸುಶೀಲವ್ವನಿಗೆ ತಡೆದುಕೊಳ್ಳಲಾಗಲಿಲ್ಲ.

“ಕರೆವ್ವಾ, ನಾನು ಹಂಸಭಾವಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮಾಡಿದ್ರ, ಆಕಿ ಹೊಳ್ಳಿ ಬಂದಾಳಂತ ಅಲ್ಲಿಯವ್ರು ನನಗ ಹೇಳ್ತಿದ್ರು.”

ಕರೆವ್ವ ಕೂಸಿಗೆ ಸುತ್ತಿದ ಸೆರಗು ಸಡಿಲಿಸಿದಳು. ಬಾಯಿಗೆ ಬಂದಂತೆ ಬೈದಿದ್ದರೆ ಸುಶೀಲವ್ವನ ಎದೆ ಹಗುರಾಗುತ್ತಿತ್ತು.

“ನಾ ಮುಚ್ಚಿಟ್ಟೆ, ನೀವು ಕೇಳಲಿಲ್ಲ. ಇಬ್ರೂ ಕೂಡಿ ಕೊಂದ್ವಿ ಬಿಡ್ರಿ,” ಎಂದಳು ಕರೆವ್ವ. “ಈಗ ಕೂಸಿನ ತೂಕ ನೋಡ್ರಿ.”

ಕೂಸು ಎರಡು ಕಿಲೋ ಮುಟ್ಟಿರಲಿಲ್ಲ. ಸುಶೀಲವ್ವ ಹೊಸ ಪುಟ ತೆಗೆದು, ತಾಯಿಯ ಹೆಸರಿನ ಮುಂದೆ ವಿದ್ಯಾಶ್ರೀ ಎಂದು ಬರೆದಳು.