ಕಾಗೆಬಂಗಾರದ ಊರು

ನಾನು ಕೂಡಿಡುವ ಜಾತಿಯವಳು. ಒಂದು ಸಿಕ್ಕಿದರೆ ಅದಕ್ಕೊಂದು ಜೋಡಿ ಬೇಕು, ಜೋಡಿ ಸಿಕ್ಕಿದರೆ ಸಾಲೇ ಬೇಕು. 2020ರ ಚಳಿಗಾಲದಲ್ಲಿ, ಎಲ್ಲರೂ ಮಾಸ್ಕ್ ಹಾಕಿಕೊಂಡು ದೂರದಿಂದಲೇ ಮಾತಾಡುತ್ತಿದ್ದ ಕಾಲದಲ್ಲಿ, ವಾಷಿಂಗ್ಟನ್ ಹತ್ತಿರದ ಕ್ಲಾರ್ಕ್ಸ್‌ಬರ್ಗಿನ ನಮ್ಮ ಬಡಾವಣೆಯಾಚೆ ಒಂದು ಹಳೆಯ ಮನೆಯ ಗ್ಯಾರೇಜಿನಲ್ಲಿ ಸಾಮಾನು ಮಾರುತ್ತಿದ್ದರು. ಅಲ್ಲಿ ಒಂದು ಶೂ ಡಬ್ಬಿಯೊಳಗೆ ಹನ್ನೊಂದು ರಟ್ಟಿನ ಮನೆಗಳು ಸಿಕ್ಕವು. ಅಂಗೈ ಮೇಲೆ ಕೂರುವಷ್ಟು ಪುಟ್ಟವು. ಕಿಟಕಿಗೆ ಕೆಂಪು ಬಣ್ಣದ ತೆಳು ಹಾಳೆ, ಬೆನ್ನಿಗೆ ದೀಪ ತೂರಿಸಲು ಒಂದು ತೂತು, ಅಡಿಯಲ್ಲಿ ಜಪಾನಿನ ಮುದ್ರೆ. ಸೂರಿನ ಮೇಲೆ ಹಿಮದ ಬದಲು ಕಾಗೆಬಂಗಾರದ ಪುಡಿ ಉದುರಿಸಿ ಅಂಟಿಸಿದ್ದರು. ಒಂದು ಕಾಲದಲ್ಲಿ ಇಲ್ಲಿಯವರು ಕ್ರಿಸ್‌ಮಸ್ ಮರದ ಬುಡದಲ್ಲಿ ಇಂಥ ಊರು ಕಟ್ಟುತ್ತಿದ್ದರಂತೆ.

ಮಾರುತ್ತಿದ್ದ ಮುದುಕಿ ಡಬ್ಬಿ ಕೊಡುವಾಗ, ಸಣ್ಣ ಮಕ್ಕಳ ಕೈಗೆ ಕೊಡಬೇಡ, ಬಣ್ಣ ಬಹಳ ಹಳೆಯದು ಎಂದಳು. ನನಗಾಗ ಮಕ್ಕಳಿರಲಿಲ್ಲ. ಮನೆಗಳು ಮುರಿದಾವು ಎಂಬ ಕಳಕಳಿಯಿಂದ ಹೇಳುತ್ತಿದ್ದಾಳೆ ಅಂದುಕೊಂಡೆ.

ಎರಡು ವರ್ಷದಲ್ಲಿ ಹನ್ನೊಂದು ನಲವತ್ತಾಯಿತು. ಮೈಸೂರಿನಲ್ಲಿ ದಸರಾ ಗೊಂಬೆ ಕೂರಿಸಿ ಬೆಳೆದ ಕೈ ನನ್ನದು, ಸುಮ್ಮನಿರುತ್ತದೆಯೇ? ಮುಂದಿನ ಕೋಣೆಯ ಗಿಡ್ಡ ಟೇಬಲ್ ಮೇಲೆ ದೀಪದ ಬತ್ತಿಗೆಂದು ತಂದ ಹತ್ತಿಯನ್ನು ಹರಡಿ, ನಡುವೆ ಚರ್ಚು, ಸುತ್ತ ಬೀದಿಗಳು. ಧಾರವಾಡದ ಕಡೆಯವನಾದ ನನ್ನ ಗಂಡ ಅದನ್ನು ನೋಡಿದಾಗಲೆಲ್ಲ ರೇಗಿಸುತ್ತಿದ್ದ.

"ಇರೋ ಒಂದು ಮನಿ ವ್ಯಾಕ್ಯೂಮ್ ಮಾಡ್ಲಿಕ್ಕೆ ನಿನಗ ಟೈಮ್ ಇಲ್ಲ. ನಲವತ್ತು ಮನಿ ಮಾಡ್ಕೊಂಡು ಏನ್ ಮಾಡ್ತೀ?"

2022ರ ಸೆಪ್ಟೆಂಬರಿನಲ್ಲಿ ಅತ್ತೆ ಬಂದರು. ಮಗಳಿಗೆ ಆಗ ಒಂಬತ್ತು ತಿಂಗಳು. ಗೈದರ್ಸ್‌ಬರ್ಗಿನ ಔಷಧ ಕಂಪನಿಯ ಲ್ಯಾಬಿಗೆ ನಾನು ಮತ್ತೆ ಹೋಗಬೇಕಿತ್ತು. ಔಷಧದಲ್ಲಿ ಬೇಡದ್ದು ಏನಾದರೂ ಬೆರೆತಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಅದು ನನ್ನ ಕೆಲಸವೆಂದು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಅತ್ತೆ ಒಂದು ಬೆಳ್ಳಿ ಡಬ್ಬಿಯ ತುಂಬ ಕಾಡಿಗೆ ತಂದಿದ್ದರು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಮುಚ್ಚಿ, ಮಸಿ ಕೆರೆದು, ತುಪ್ಪದಲ್ಲಿ ಕಲಸಿ ತಾವೇ ಮಾಡಿದ್ದು. ದಿನಾ ಸ್ನಾನವಾದ ಮೇಲೆ ಕೂಸಿನ ಕಣ್ಣಿಗೆ ಹಚ್ಚಿ, ಕೆನ್ನೆಗೂ ಅಂಗಾಲಿಗೂ ದೃಷ್ಟಿಬೊಟ್ಟು ಇಡುತ್ತಿದ್ದರು. ನಾನು ಬೇಡ ಅನ್ನಲಿಲ್ಲ. ಆದರೆ ಮೂಗು ಮುರಿದದ್ದು ನಿಜ.

ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮರುದಿನ ಊರು ಕೂರಿಸಿದೆ. ಅದೇ ವಾರ ಮಗಳು ಟೇಬಲ್ ಹಿಡಿದು ನಿಲ್ಲುವುದನ್ನು ಕಲಿತಳು. ಎರಡು ಸಲ ಚರ್ಚಿನ ಸೂರು ಅವಳ ಬಾಯಲ್ಲಿತ್ತು. ನಾನು ಕಿತ್ತುಕೊಂಡು ಮೊದಲು ನೋಡಿದ್ದು ಸೂರನ್ನು, ಆಮೇಲೆ ಬಾಯನ್ನು.

ಡಿಸೆಂಬರಿನಲ್ಲಿ ವರ್ಷ ತುಂಬಿದ ತಪಾಸಣೆಗೆ ಹೋದಾಗ ಬೆರಳು ಚುಚ್ಚಿ ರಕ್ತ ತೆಗೆದರು. ನಾಲ್ಕು ದಿನದ ನಂತರ ಫೋನು. ರಕ್ತದಲ್ಲಿ ಸೀಸ ಇರುವ ಹಾಗಿದೆ, ತೋಳಿನಿಂದ ತೆಗೆದು ಇನ್ನೊಮ್ಮೆ ನೋಡಬೇಕು ಎಂದರು. ಇನ್ನೊಮ್ಮೆಯೂ ಇತ್ತು. ಸೀಸ ಮಕ್ಕಳ ಮೆದುಳಿಗೆ ಹೋಗುತ್ತದೆ, ಹೋದದ್ದು ಏನು ಮಾಡಿತೆಂದು ಸ್ಕೂಲಿಗೆ ಹೋಗುವವರೆಗೂ ತಿಳಿಯದೆ ಇರಬಹುದು ಎಂದರು ಡಾಕ್ಟರು. ಕೂಸು ಅವರ ಪೆನ್ನಿಗೆ ಕೈ ಚಾಚಿ ನಗುತ್ತಿತ್ತು.

ಕೌಂಟಿಯ, ಅಂದರೆ ಜಿಲ್ಲೆಯ ಆರೋಗ್ಯ ಇಲಾಖೆಯ, ನರ್ಸ್ ಗುರುವಾರ ಮನೆಗೆ ಬರುತ್ತೇನೆ ಎಂದರು. ಬುಧವಾರ ನಾನು ಊರನ್ನು ಬಿಚ್ಚಿ ಡಬ್ಬಿಗೆ ತುಂಬಿ ಬೇಸ್‌ಮೆಂಟಿಗೆ ಇಳಿಸಿದೆ. ಕ್ರಿಸ್‌ಮಸ್ ಮುಗಿದು ಸಂಕ್ರಾಂತಿ ಬಂತು, ಇನ್ನೇಕೆ ಇದು ಎಂದು ನನಗೆ ನಾನೇ ಹೇಳಿಕೊಂಡೆ. ಟೇಬಲ್ಲನ್ನು ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ನರ್ಸ್ ಒಳ್ಳೆಯ ಹೆಂಗಸು. ಮನೆ ಯಾವಾಗ ಕಟ್ಟಿದ್ದು ಎಂದು ಕೇಳಿದರು. ಹೊಸದು, ಐದು ವರ್ಷವೂ ಆಗಿಲ್ಲ ಎಂದೆ. ಹಿಂದೆಲ್ಲ ಬಣ್ಣದಲ್ಲಿ ಸೀಸ ಬೆರೆಸುತ್ತಿದ್ದರು, ಹಳೆಯ ಬಣ್ಣ ಹಚ್ಚಿದ ಆಟಿಕೆ, ಹಳೆಯ ಕಾಲದ ಸಾಮಾನು ಏನಾದರೂ ಉಂಟೇ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಗಂಡ ಆಗಿನ್ನೂ ಮೇಲಿನ ಕೋಣೆಯಲ್ಲಿ ಆಫೀಸಿನ ಫೋನಿನಲ್ಲಿದ್ದ. ನನ್ನ ಕಣ್ಣು ಬೇಸ್‌ಮೆಂಟಿನ ಬಾಗಿಲಿಗೆ ಹೋಗಿ ಬಂತು. ಇಲ್ಲ ಎಂದೆ.

ಗಂಡ ಕೆಳಗಿಳಿದು ಬಂದ ಮೇಲೆ ಅವರು ಪಟ್ಟಿಯಲ್ಲಿದ್ದುದನ್ನೆಲ್ಲ ಕೇಳಿದರು: ಕಾಡಿಗೆ, ಕುಂಕುಮ, ಅರಿಸಿನ, ಹಿತ್ತಾಳೆ ಪಾತ್ರೆ. ನಮ್ಮಂಥವರ ಮನೆಗೆ ಬಂದರೆ ಕೇಳಲೇಬೇಕಾದ ಪ್ರಶ್ನೆಗಳಂತೆ. ಅತ್ತೆ ತಾವಾಗಿಯೇ ಒಳಗೆ ಹೋಗಿ ಬೆಳ್ಳಿ ಡಬ್ಬಿ ತಂದು ಮೇಜಿನ ಮೇಲಿಟ್ಟರು. ನರ್ಸ್ ಕೈಗವಸು ಹಾಕಿಕೊಂಡು ಒಂದು ಚಿಟಿಕೆ ತೆಗೆದರು, ಕುಂಕುಮ ಅರಿಸಿನದಿಂದಲೂ ಒಂದೊಂದು ಚಿಟಿಕೆ. ವರದಿ ಬರುವವರೆಗೆ ಇದ್ಯಾವುದೂ ಮಗುವಿನ ಹತ್ತಿರ ಬೇಡ ಎಂದು ಹೇಳಿ ಹೋದರು.

ಅವರ ಕಾರು ಬೀದಿ ತಿರುಗುವ ತನಕವೂ ಗಂಡ ತಡೆಯಲಿಲ್ಲ.

"ಎಷ್ಟು ಸಲ ಹೇಳೀನಿ ಅವ್ವಾ, ಇಲ್ಲಿ ಇವೆಲ್ಲ ಬ್ಯಾಡ ಅಂತ! ನೋಡೀಗ, ಕೂಸಿನ ಬ್ಲಡ್‌ನ್ಯಾಗ ಲೆಡ್ ಬಂದದ. ಏನ್ ಮಾಡಿದಿ ನೀ?"

"ನಿನಗೂ ಇದನ್ನ ಹಚ್ಚೇನಲ್ಲೋ," ಎಂದರು ಅತ್ತೆ, ತೀರಾ ಸಣ್ಣ ದನಿಯಲ್ಲಿ.

ನಾನು ಕಾಫಿ ಕಪ್ಪುಗಳನ್ನು ಎತ್ತಿಕೊಂಡು ಸಿಂಕಿಗೆ ಹೋದೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ನನಗೆ ಒರೆಸುವ ಶ್ರಮವೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.

ಅತ್ತೆ ಅವತ್ತಿನಿಂದ ಕೂಸನ್ನು ಮುಟ್ಟಲಿಲ್ಲ. ಅದು ಎತ್ತಿಕೋ ಎಂದು ಅಂಬೆಗಾಲಿಟ್ಟು ಬಂದರೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಹಿಂದೆ ಸರಿಯುತ್ತಿದ್ದರು. ಕೂಸು ಮೊದಮೊದಲು ಅದನ್ನು ಆಟ ಎಂದುಕೊಂಡಿತು. ಕೆಲವು ದಿನ ಕಳೆದ ಮೇಲೆ ಅವರ ಹತ್ತಿರ ಹೋಗುವುದನ್ನೇ ಬಿಟ್ಟಿತು.

ಮಾರ್ಚಿನ ಪರೀಕ್ಷೆಯಲ್ಲಿ ಸೀಸ ಇಳಿದಿತ್ತು. ಕಾಡಿಗೆ ನಿಂತದ್ದೂ ಊರು ಕೆಳಗಿಳಿದದ್ದೂ ಒಂದೇ ವಾರದಲ್ಲಿ. ಗಂಡನಿಗೆ ಕಂಡದ್ದು ಒಂದೇ. "ನೋಡಿದೇನು? ಬಿಟ್ಟ ಕೂಡ್ಲೆ ಇಳೀತು," ಎಂದ. ಅತ್ತೆಯೂ ಅದನ್ನೇ ನಂಬಿದರು. ಅದೇ ತಿಂಗಳು ಹೊರಟರು. ಏರ್‌ಪೋರ್ಟಿನಲ್ಲಿ, ನನ್ನ ಕೈಯಾರ ಕೂಸಿಗೆ ವಿಷ ಹಚ್ಚಿದೆನಲ್ಲವ್ವಾ ಎಂದು ನನ್ನನ್ನು ತಬ್ಬಿಕೊಂಡು ಅತ್ತರು. ಬೆನ್ನು ಸವರುತ್ತ ನಿಂತಿದ್ದೆ.

ಅವರು ಹೋದ ಹತ್ತು ದಿನಕ್ಕೆ ವರದಿ ನನ್ನ ಇಮೇಲಿಗೆ ಬಂತು. ಕಾಡಿಗೆಯಲ್ಲಿ ಸೀಸವಿಲ್ಲ. ಕುಂಕುಮ, ಅರಿಸಿನ ಯಾವುದರಲ್ಲೂ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸೀಸ ತಾಕಿದರೆ ಕೆಂಪಾಗುವ ಪರೀಕ್ಷಾ ಕಡ್ಡಿಗಳು ಸಿಗುತ್ತವೆ. ಒಂದು ಪ್ಯಾಕೆಟ್ ತಂದು ಬೇಸ್‌ಮೆಂಟಿಗೆ ಇಳಿದೆ. ಚರ್ಚಿನ ಸೂರಿಗೆ ಉಜ್ಜಿದ ಕಡ್ಡಿಯ ತುದಿ ನೋಡುನೋಡುತ್ತಿದ್ದಂತೆ ಕೆಂಪಾಯಿತು. ಇನ್ನೊಂದು ಮನೆ, ಮತ್ತೊಂದು ಮನೆ. ಕಡ್ಡಿಗಳು ಮುಗಿಯುವ ತನಕ ಉಜ್ಜಿದೆ. ನಾನು ಅತ್ತದ್ದು ಅಲ್ಲೇ. ಆದರೆ ಮೇಲೆ ಬಂದು ಯಾರಿಗೂ ಹೇಳಲಿಲ್ಲ. ಗಂಡ ವರದಿಯ ಬಗ್ಗೆ ಕೇಳಿದಾಗ ಇನ್ನೂ ಬಂದಿಲ್ಲ ಎಂದೆ. ಅವನು ಮತ್ತೆ ಕೇಳಲಿಲ್ಲ.

ಎಂಟು ತಿಂಗಳು ಹೀಗೇ ಕಳೆದವು. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿರುವ ನಾದಿನಿಗೆ ಗಂಡುಮಗುವಾಯಿತು. ಅವ್ವ ಕೂಸನ್ನು ಎತ್ತಿಕೊಳ್ಳುವುದೇ ಇಲ್ಲ, ತೊಡೆ ಮೇಲೆ ಹಾಕಿದರೂ ಸೆರಗಿನಿಂದ ಕೈ ಹೊರಗೆ ತೆಗೆಯುವುದಿಲ್ಲ ಎಂದು ಆಕೆ ಫೋನಿನಲ್ಲಿ ಅಳುತ್ತಿದ್ದಳು. ಅವತ್ತು ನನ್ನಿಂದ ತಡೆಯಲಾಗಲಿಲ್ಲ. ಗಂಡ ವಾಷಿಂಗ್ಟನ್ನಿನ ಆಫೀಸಿಗೆ ಹೋದ ಮೇಲೆ ಅತ್ತೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮುದುಕಿ ಹೇಳಿದ ಮಾತು, ಬುಧವಾರ ಒರೆಸಿದ ಟೇಬಲ್ಲು, ಬಂದ ವರದಿ, ಕೆಂಪಾದ ಕಡ್ಡಿ. ಬೈಯಲಿ ಎಂದು ಕಾಯುತ್ತಿದ್ದೆ.

"ಇದು ನನ್ನ ಮಗಗ ಗೊತ್ತದ ಏನು?"

"ಇಲ್ಲ ಅತ್ತೆ. ಇವತ್ತು ಹೇಳ್ತೀನಿ."

"ಹೇಳಬ್ಯಾಡ. ನನ್ನ ಮ್ಯಾಲೆ ಸಿಟ್ಟು ಇದ್ರ ಇರಲಿ, ನಾ ಹಡದಾಕಿ, ತಡಕೋತೀನಿ. ನಿನ್ನ ಮ್ಯಾಲೆ ಬಂದ್ರ ನಿಮ್ಮ ಸಂಸಾರ ಉಳಿಯೂದಿಲ್ಲ." ಮತ್ತೆ ಅಂದರು: "ನನ್ನ ಕೈ ಚೊಲೋ ಅದಾವ ಅಂತ ಗೊತ್ತಾತಲ್ಲ. ನನಗ ಅಷ್ಟು ಸಾಕು."

ಆ ಸಂಜೆಯೇ ಹುಬ್ಬಳ್ಳಿಯ ಕೂಸಿಗೆ ಅವರೇ ನೀರು ಹಾಕಿದರಂತೆ. ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಮಗಳು ಒಂದು ಬಣ್ಣದ ಹೆಸರು ಮರೆತರೂ ಅದನ್ನೇ ಮತ್ತೆ ಮತ್ತೆ ಕೇಳಿ ನೋಡುತ್ತೇನೆ. ನಲವತ್ತೂ ಮನೆಗಳು ಪ್ಲಾಸ್ಟಿಕ್ ಸುತ್ತಿಸಿಕೊಂಡು ಇನ್ನೂ ಕೆಳಗಿವೆ. ಎಸೆಯಬೇಕೆಂದು ಇಳಿಯುತ್ತೇನೆ, ಬರಿಗೈಯಲ್ಲಿ ಹತ್ತುತ್ತೇನೆ.

ಈ ಬೇಸಿಗೆಗೆ ಅತ್ತೆ ಮತ್ತೆ ಬರುತ್ತಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ಗಂಡ ಫೋನನ್ನು ಸ್ಪೀಕರಿಗೆ ಹಾಕಿ ತಾಯಿಯ ಹತ್ತಿರ ಮಾತಾಡುತ್ತಿದ್ದ.

"ಬರೂಮುಂದ ಕಾಡಿಗಿ ಗೀಡಿಗಿ ತರಬ್ಯಾಡ ಅವ್ವಾ. ಒಮ್ಮೆ ಮಾಡಿದ್ದು ಸಾಕು."

"ತರೂದಿಲ್ಲಪಾ," ಎಂದರು ಅತ್ತೆ.

ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದೆ.