ಹಾಲಮ್ಮ ಹೇಳುವ ‘ರಕ್ತ ಕಮ್ಮಿ’

ಅಜ್ಜಂಪುರ ತಾಲ್ಲೂಕಿನ ಒಂದು ಹಳ್ಳಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನರ್ಸ್ ಹಾಲಮ್ಮ ಆಗಲೇ ಒಂದು ಮನೆಯ ಜಗಲಿಯ ಮೇಲೆ ಕೂತಿದ್ದಾರೆ. ಅವರ ಕೆಲಸ ನೋಡಿ ಬರೆಯಲು ನಾನೂ ಜೊತೆಗೆ ಬಂದಿದ್ದೇನೆ. ಮನೆಯ ಹಿರಿಯಾಕೆ ಅಂಗಳಕ್ಕೆ ನೀರು ಹಾಕುತ್ತಾ, ನೋಡಿಯೂ ನೋಡದವರ ಹಾಗೆ ಓಡಾಡಿ, ಕೊನೆಗೆ ಬಾಯಿ ಬಿಡುತ್ತಾರೆ: “ರಕ್ತ ಕಮ್ಮಿ ಅಂದ್ರಲ್ಲ ನರ್ಸಮ್ಮ, ದಿನಾ ಬೀಟ್ರೂಟು, ನುಗ್ಗೆಸೊಪ್ಪು ತಿನ್ನುಸ್ತಾ ಇದೀನಿ. ಬಸುರಿಗೆ ಸೂಜಿ ಯಾಕೆ? ಬರೋ ವಾರ ತವ್ರಿಗೆ ಹೋಗ್ತಾಳೆ, ಬೇಕಿದ್ರೆ ಅಲ್ಲೇ ಹಾಕ್ಸ್ಕೊಳ್ಲಿ ಬಿಡಿ.”

ಹಾಲಮ್ಮ ತಬ್ಬಿಬ್ಬಾಗುತ್ತಾರೆ. ಏಕೆಂದರೆ ಸೊಸೆ ಭವ್ಯಳಿಗೆ ರಕ್ತ ಕಮ್ಮಿ ಇಲ್ಲವೇ ಇಲ್ಲ. ಅಂಗನವಾಡಿಯಲ್ಲಿ ಬೆರಳು ಚುಚ್ಚಿ ನೋಡಿದಾಗ ಸಿಕ್ಕಿದ್ದು ಸಿಫಿಲಿಸ್, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಆಸ್ಪತ್ರೆಯ ಪರೀಕ್ಷೆಯೂ ಅದನ್ನೇ ಹೇಳಿದೆ. ಜ್ವರವಿಲ್ಲ, ನೋವಿಲ್ಲ, ಆರು ತಿಂಗಳ ಬಸುರಿ ಚೆನ್ನಾಗಿಯೇ ಓಡಾಡಿಕೊಂಡಿದ್ದಾಳೆ. ಆದರೆ ಪೆನಿಸಿಲಿನ್ ಇಂಜೆಕ್ಷನ್ ಬೀಳದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಭವ್ಯ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಮನೆಯವರ ಹೆಸರುಗಳನ್ನು ಬದಲಿಸಿದ್ದೇನೆ.

ಸಖರಾಯಪಟ್ಟಣದಲ್ಲಿ ಹುಟ್ಟಿದ ಹಾಲಮ್ಮ ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಬಂದವರು. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆ ದುಡಿದಿದ್ದಾರೆ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ನಡಿಗೆ. ದಿನಕ್ಕೆ ಹತ್ತೋ ಹನ್ನೆರಡೋ ಬಸುರಿಯರ ಬೆರಳು ಚುಚ್ಚುತ್ತಾರೆ. ತಿಂಗಳುಗಟ್ಟಲೆ ಏನೂ ಸಿಗುವುದಿಲ್ಲ. ಸಿಕ್ಕ ದಿನ ಮಾತ್ರ ಅವರಿಗೆ ಅನ್ನ ಸೇರುವುದಿಲ್ಲ.

ಹಾಗಾದರೆ ರಕ್ತ ಕಮ್ಮಿ ಎಂಬ ಸುಳ್ಳೇಕೆ? “ಅಮೃತಾಪುರದ ಕಡೆ ನಮ್ಮ ನರ್ಸ್ ಒಬ್ರು ಜಗಲಿ ಮೇಲೆ ಎಲ್ರೆದುರಿಗೆ ಕಾಯಿಲೆ ಹೆಸ್ರು ಹೇಳ್ಬಿಟ್ರು ಕಣ್ರೀ. ಸಾಯಂಕಾಲಕ್ಕೆ ಆ ಹುಡುಗೀನ ಬಟ್ಟೆ ಗಂಟಿನ ಸಮೇತ ತವ್ರಿಗೆ ಅಟ್ಟಿದ್ರು. ಅವ್ಳ ಗಂಡ ಮನೇಲಿ ಕಾಲ್ ಚಾಚ್ಕೊಂಡು ಟೀವಿ ನೋಡ್ತಿದ್ದ.” ಅಂದಿನಿಂದ ಹಾಲಮ್ಮ ಮನೆಯವರ ಮುಂದೆ ಹೇಳುವುದು ಒಂದೇ ಮಾತು. ಆ ಮಾತಿಗೆ ಯಾರೂ ಹೆದರುವುದಿಲ್ಲ, ಇವತ್ತಿನ ತೊಂದರೆಯೂ ಅದೇ. ರಕ್ತ ಕಮ್ಮಿಯಾದರೆ ಸೊಪ್ಪು ಸಾಕು ಎಂದು ಅತ್ತೆ ಅಕ್ಕರೆಯಿಂದಲೇ ಸೊಸೆಯನ್ನು ಮನೆಯಲ್ಲಿ ಉಳಿಸಿಕೊಂಡಿದ್ದಾರೆ.

ಪಂಪ್‌ಸೆಟ್ ರಿಪೇರಿ ಮಾಡುವ ಗಂಡ ತಿಪ್ಪೇಶ್ ಬೈಕ್ ಹೊರಡಿಸುತ್ತಾನೆ. ಅವನಿಗೆ ವಿಷಯ ತಿಳಿಸಲು ಭವ್ಯಳೇ ಹಾಲಮ್ಮನನ್ನು ಕೇಳಿಕೊಂಡಿದ್ದಾಳೆ. ಓಣಿಯ ತಿರುವಿನಲ್ಲಿ ಹಾಲಮ್ಮ ಬೈಕಿಗೆ ಅಡ್ಡ ನಿಂತು, ಮೆಲುದನಿಯಲ್ಲಿ ಎಲ್ಲ ಹೇಳುತ್ತಾರೆ.

“ನಂಗೇನಾಗಿದೆ? ಗುಂಡುಕಲ್ಲಿನಂಗೆ ಇದೀನಿ,” ಎನ್ನುತ್ತಾನೆ ಅವನು. “ಅವ್ಳು ಎಲ್ಲಿಂದ ತಂದ್ಲೋ ಕೇಳಿ.”

“ಅವ್ಳೂ ಹಂಗೇ ಇದಾಳೆ ಕಣಪ್ಪ. ಯಾರು ತಂದ್ರು ಅಂತ ಕೇಳಕ್ಕೆ ನಾನ್ ಬಂದಿಲ್ಲ. ಮಗು ಉಳೀಬೇಕೋ ಬೇಡ್ವೋ ಹೇಳು.”

ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬರುತ್ತದೆ. ಹಾಲಮ್ಮ ಮಾತ್ರ ಬೈಕಿನ ಹ್ಯಾಂಡಲ್ ಬಿಡುವುದಿಲ್ಲ. ಕೊನೆಗೆ ಅವನು ಮನೆಗೆ ಹಿಂತಿರುಗಿ, ಅವ್ವನಿಗೆ ಏನೋ ಹೇಳಿ, ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾನೆ.

ಆಸ್ಪತ್ರೆಯಲ್ಲಿ ಭವ್ಯ ಸೆರಗು ಕಚ್ಚಿಕೊಂಡು ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ. ವಾರ ಬಿಟ್ಟು ಇನ್ನೊಂದು, ಮತ್ತೊಂದು ವಾರಕ್ಕೆ ಮಗದೊಂದು. ಗಂಡನಿಗೂ ಚಿಕಿತ್ಸೆ ಆಗದಿದ್ದರೆ ಸೋಂಕು ಅವಳಿಗೆ ಮರಳಬಹುದು. ತಿಪ್ಪೇಶ್ ಗೇಟಿನ ಹೊರಗೆ ಬೈಕ್ ಮೇಲೆಯೇ ಕೂತಿದ್ದಾನೆ. ಹಾಲಮ್ಮ ಎರಡು ಸಲ ಹೋಗಿ ಕರೆಯುತ್ತಾರೆ. ಅವನು ಒಳಗೆ ಬರುವುದಿಲ್ಲ. ಭವ್ಯ ಕುಂಟುತ್ತಾ ಹೋಗಿ ಹಿಂದೆ ಕೂರುತ್ತಾಳೆ. ಹೆಂಡತಿಯ ಮುಖ ನೋಡದೆ ಅವನು ಬೈಕ್ ಹೊರಡಿಸುತ್ತಾನೆ.

“ನಾಳೆ ಮತ್ತೆ ಹೋಗ್ತೀನಿ. ಅವನು ಬೈದ್ರೂ ಹೋಗ್ತೀನಿ,” ಎನ್ನುತ್ತಾರೆ ಹಾಲಮ್ಮ.

ಈ ಕೆಲಸದಲ್ಲಿ ಏನು ಬದಲಾಗಬೇಕು ಎಂದು ಕೇಳುತ್ತೇನೆ. ಸಂಬಳದ ಮಾತು ಬರಬಹುದೆಂದು ನನ್ನ ಎಣಿಕೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ನಾವು ಹೆಂಗಸ್ರ ಬೆರಳೇ ಚುಚ್ಚೋದು ಕಣ್ರೀ. ಅದಕ್ಕೇ ಮೊದ್ಲು ಸಿಕ್ಕಿಬೀಳೋಳು ಅವ್ಳೇ. ಮೊದ್ಲು ಸಿಕ್ಕಿಬಿದ್ದೋಳೇ ಕಳ್ಳಿ. ಬಸುರಿ ಬಂದ ದಿನಾನೇ ಗಂಡನ್ನೂ ಪಕ್ಕದಲ್ಲಿ ಕೂರ್ಸಿ ಬೆರಳು ಚುಚ್ಚಂಗಾಗ್ಲಿ. ನಂಗೆ ಅಷ್ಟಾದ್ರೆ ಸಾಕು.”